ಕರಾವಳಿಯ ಬೇಸಗೆಯೂ ದೇಹಸಾಧನೆಯೂ

ಏಪ್ರಿಲ್, ಮೇ ತಿಂಗಳುಗಳಲ್ಲಿ ವೃತ್ತಪತ್ರಿಕೆಯ ಮೂಲೆಯೊಂದರಲ್ಲಿ ಅಚ್ಚಾಗುವ ಉಷ್ಣಮಾನದ ಪಟ್ಟಿಯನ್ನು ನೋಡುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಕಲಬುರಗಿ, ರಾಯಚೂರು, ವಿಜಯಪುರಗಳ ಎದುರಿಗೆ 40, 41, 42 ಎಂಬ ಅಂಕಿಗಳು ನಿಂತಿರುವಾಗ ಮಂಗಳೂರಿನ ಎದುರಿಗೆ 33 ಅಥವಾ 34 ಎಂದಷ್ಟೇ ಇರುತ್ತದೆ. ಅಂಕಿಯನ್ನೇ ನಂಬುವುದಾದರೆ ಮಂಗಳೂರು ಬೇಸಗೆಯ ವಿಹಾರಸ್ಥಾನವೆಂದು ಸಾರಿಬಿಡಬಹುದು. ಆದರೆ ಬಯಲುಸೀಮೆಯಿಂದ ಓದಿಗಾಗಿ ಬಂದು ಇಲ್ಲಿಯ ವಿದ್ಯಾರ್ಥಿನಿಲಯದಲ್ಲಿ ತಂಗಿರುವ ಹುಡುಗನನ್ನು ಕೇಳಿದರೆ ಅವನು ಬೇರೆಯೇ ಮಾತನ್ನು ಹೇಳುತ್ತಾನೆ. ಊರಿನ ಉರಿಬಿಸಿಲಿನಲ್ಲಿ ತಂದೆಯೊಡನೆ ಹೊಲದಲ್ಲಿ ದುಡಿದು ಸೋಲದಿದ್ದವನು ಇಲ್ಲಿಯ ನೆಹರೂ ಮೈದಾನದಲ್ಲಿ ನಾಲ್ಕು ಸುತ್ತು ಓಡುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಅಂಗಿ ಮೈಗೆ ಅಂಟಿಕೊಳ್ಳುತ್ತದೆ, ತಲೆ ಭಾರವಾಗುತ್ತದೆ, ಬೆವರು ಧಾರೆಯಾಗಿ ಇಳಿಯುತ್ತಿದ್ದರೂ ಮೈ ತಣಿಯುವುದಿಲ್ಲ. ತನ್ನ ಕಸುವೇ ಕುಂದಿತೆಂದು ಅವನು ಬಗೆಯುತ್ತಾನೆ. ಕೆಲವರು ಅಂದಿನಿಂದಲೇ ಮೈದಾನದ ಕಡೆ ಮುಖ ಹಾಕುವುದನ್ನು ಬಿಡುತ್ತಾರೆ. ಇನ್ನು ಕೆಲವರು ಹಟ ಹಿಡಿದು ಓಡಿ ಕುಸಿದು ಬೀಳುತ್ತಾರೆ. ಇವೆರಡೂ ಅನಾವಶ್ಯಕವಾದ ನಷ್ಟಗಳು. ಕರಾವಳಿಯ ಬೇಸಗೆಯ ಸ್ವಭಾವವನ್ನು ಅರಿತುಕೊಂಡರೆ ಇವೆರಡನ್ನೂ ತಪ್ಪಿಸಬಹುದು.

ದೇಹವು ದುಡಿಯುವಾಗ ಏನಾಗುತ್ತದೆಂಬುದನ್ನು ಮೊದಲು ನೋಡಬೇಕು. ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಯಾಗಿ ಪರಿಣಮಿಸುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಹೊರಬೀಳುತ್ತದೆ. 60 ಕಿಲೋ ತೂಕದ ತರುಣನೊಬ್ಬ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಓಡಿದನೆಂದರೆ ಗಂಟೆಗೆ ಸುಮಾರು 480 ಕಿಲೋಕ್ಯಾಲೊರಿ ವ್ಯಯವಾಗುತ್ತದೆ. ಅದರಲ್ಲಿ 360ರಿಂದ 380 ಶಾಖವೇ. ಅವನ ಮೈಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 50 ಕಿಲೋಕ್ಯಾಲೊರಿ ಸಾಕು. ಈ ಶಾಖವು ಹೊರಗೆ ಹೋಗದೆ ಒಳಗೇ ನಿಂತಿದ್ದರೆ ಅರ್ಧ ಗಂಟೆಯಲ್ಲಿ ಅವನ ಉಷ್ಣತೆ 37 ಡಿಗ್ರಿಯಿಂದ 40ರ ಆಚೆಗೆ ದಾಟಿಬಿಡುತ್ತಿತ್ತು. ಹಾಗಾಗದಿರಲು ಕಾರಣ ಬೆವರು. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಲೆಕ್ಕ ಹಾಕಿದರೆ ಮುಕ್ಕಾಲು ಲೀಟರಿಗಿಂತಲೂ ಕಡಿಮೆ ಬೆವರು ಆ ಓಟಗಾರನನ್ನು ಒಂದು ಗಂಟೆ ಕಾಪಾಡಬಲ್ಲುದು.

ಇಲ್ಲಿ ‘ಆವಿಯಾದರೆ’ ಎಂಬ ಮಾತೇ ಮುಖ್ಯವಾದುದು. ನೆಲಕ್ಕೆ ತೊಟ್ಟಿಕ್ಕಿದ ಬೆವರು, ಬೈರಾಸಿನಲ್ಲಿ ಒರೆಸಿಕೊಂಡ ಬೆವರು ಶಾಖವನ್ನು ಒಯ್ಯುವುದಿಲ್ಲ. ದೇಹದ ನೀರನ್ನೂ ಉಪ್ಪನ್ನೂ ಮಾತ್ರ ಒಯ್ಯುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಹುಟ್ಟಿದಲ್ಲಿಯೇ ಆರಿಹೋಗುತ್ತದೆ. ಎಷ್ಟೆಂದರೆ ತಾನು ಬೆವರುತ್ತಿರುವುದೇ ಮನುಷ್ಯನಿಗೆ ತಿಳಿಯುವುದಿಲ್ಲ. ಮಂಗಳೂರಿನ ಗಾಳಿಯಾದರೋ ಸಮುದ್ರದಿಂದ ಎದ್ದುಬಂದುದು, ಮೊದಲೇ ನೀರು ಕುಡಿದು ತಣಿದಿರುವಂಥದು. ಅದು ಇನ್ನಷ್ಟು ಆವಿಯನ್ನು ಸುಲಭವಾಗಿ ಹೀರಲಾರದು.

ಈ ಭೇದವನ್ನು ವಿಜ್ಞಾನಿಗಳು ಬಹು ಹಿಂದೆಯೇ ಗುರುತಿಸಿದರು. 1775ರಲ್ಲಿ ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲಾಗ್ಡನ್ ತಾನೂ ತನ್ನ ಮಿತ್ರರೂ ಕಾಯಿಸಿದ ಒಣಕೋಣೆಯೊಳಗೆ ಹೊಕ್ಕು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಆ ಕೋಣೆಯ ಉಷ್ಣತೆಯನ್ನು 127 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಿಸಲಾಗಿತ್ತು. ಅಲ್ಲಿಯೇ ಇಟ್ಟಿದ್ದ ಮಾಂಸದ ತುಂಡು ಬೆಂದುಹೋಯಿತು. ಮನುಷ್ಯರು ಮಾತ್ರ ಕೆಲವು ನಿಮಿಷ ಇದ್ದು ಕ್ಷೇಮವಾಗಿ ಹೊರಬಂದರು. ಮುಂದೆ 1905ರಲ್ಲಿ ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಗಣಿಗಳ ಬಿಸಿಯನ್ನು ಅಭ್ಯಸಿಸಿ ಮನುಷ್ಯನ ಸಹನಶಕ್ತಿಯನ್ನು ನಿರ್ಣಯಿಸುವುದು ಸಾಧಾರಣ ಉಷ್ಣಮಾಪಕವಲ್ಲ, ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ ಎಂದು ತೋರಿಸಿಕೊಟ್ಟನು. ಗಾಳಿಯಾಡದ ಸ್ಥಳದಲ್ಲಿ ಈ ತೇವಬುಗ್ಗೆಯ ಮಾಪಕವು 31 ಡಿಗ್ರಿಯನ್ನು ಮೀರಿದರೆ ಸುಮ್ಮನೆ ಕುಳಿತವನ ಮೈಯೂ ಕಾಯತೊಡಗುತ್ತದೆಂದೂ ದುಡಿಯುವವನಿಗಾದರೆ 25, 26 ಡಿಗ್ರಿಯ ಆಸುಪಾಸಿನಲ್ಲಿಯೇ ತೊಂದರೆ ಮೊದಲಾಗುತ್ತದೆಂದೂ ಅವನು ಕಂಡುಕೊಂಡನು.

ಈ ಅಳತೆಗೋಲನ್ನು ನಮ್ಮ ನಾಡಿಗೆ ಹಿಡಿದರೆ ಹುಡುಗನ ಒಗಟು ಬಿಡಿಸಿಕೊಳ್ಳುತ್ತದೆ. ಉಷ್ಣಮಾನ 42 ಡಿಗ್ರಿ, ತೇವಾಂಶ ಶೇಕಡ 15 ಇರುವ ಬಯಲುಸೀಮೆಯ ಮಧ್ಯಾಹ್ನದಲ್ಲಿ ತೇವಬುಗ್ಗೆ ಸುಮಾರು 22 ಡಿಗ್ರಿಯನ್ನು ತೋರಿಸುತ್ತದೆ. ಉಷ್ಣಮಾನ 33 ಡಿಗ್ರಿ, ತೇವಾಂಶ ಶೇಕಡ 70 ಇರುವ ಕರಾವಳಿಯ ಹೊತ್ತಿನಲ್ಲಿ ಅದೇ ಮಾಪಕ ಸುಮಾರು 28 ಡಿಗ್ರಿಯನ್ನು ತೋರಿಸುತ್ತದೆ. ಪತ್ರಿಕೆಯಲ್ಲಿ ಒಂಬತ್ತು ಡಿಗ್ರಿ ತಂಪಾಗಿರುವ ಊರು ದುಡಿಯುವ ದೇಹದ ಪಾಲಿಗೆ ಆರು ಡಿಗ್ರಿ ಬಿಸಿ! ಬಯಲುಸೀಮೆಯ ಬಿಸಿಲು ಅಪಾಯರಹಿತವೆಂದು ಇದರ ಅರ್ಥವಲ್ಲ. ಅಲ್ಲಿ ಬಿಸಿಗಾಳಿಯೇ ಮೈಗೆ ಶಾಖವನ್ನು ತುಂಬುತ್ತದೆ. ನೀರು ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಆದರೆ ಎರಡು ಸೀಮೆಗಳ ಶತ್ರುಗಳು ಬೇರೆ ಬೇರೆ. ಅಲ್ಲಿ ನೆರಳೂ ನೀರೂ ರಕ್ಷಕರು. ಇಲ್ಲಿ ಅವುಗಳ ಜೊತೆಗೆ ಗಾಳಿಯೂ ಹೊತ್ತಿನ ಆಯ್ಕೆಯೂ ಬೇಕು.

ಮಂಗಳೂರಿನ ಬೇಸಗೆಯ ಒಂದು ದಿನವನ್ನು ಗಮನಿಸೋಣ. ಸೂರ್ಯೋದಯಕ್ಕೆ ಮುಂಚೆ ಉಷ್ಣಮಾನ 25 ಅಥವಾ 26 ಡಿಗ್ರಿ. ತೇವಾಂಶ ಆಗ ಶೇಕಡ 90ಕ್ಕೆ ಸಮೀಪವಾಗಿರುತ್ತದೆ. ಇದನ್ನು ಕಂಡು ಬೆಳಗಿನ ಹೊತ್ತು ಸೆಕೆಯ ಹೊತ್ತೆಂದು ಕೆಲವರು ವಾದಿಸುವುದುಂಟು. ಆದರೆ ಉಷ್ಣಮಾನವೇ ಕೆಳಗಿರುವುದರಿಂದ ತೇವಬುಗ್ಗೆ 24ರ ಸುತ್ತ ನಿಲ್ಲುತ್ತದೆ. ತಲೆಯ ಮೇಲೆ ಬಿಸಿಲೂ ಇಲ್ಲ. ಇಡೀ ದಿನದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ದೊರೆಯದು. ಎಂಟು ಗಂಟೆಯಿಂದ ಹತ್ತರವರೆಗೆ ಬಿಸಿಲು ಏರುತ್ತದೆ, ನೆಲದ ಗಾಳಿ ನಿಂತಿರುತ್ತದೆ, ಕಡಲ ಗಾಳಿ ಇನ್ನೂ ಹುಟ್ಟಿರುವುದಿಲ್ಲ. ಮರದ ಎಲೆ ಅಲುಗದ ಈ ಎರಡು ಗಂಟೆ ವ್ಯಾಯಾಮಕ್ಕೆ ತೀರ ಕೆಟ್ಟದ್ದು. ಆಶ್ಚರ್ಯದ ಮಾತೆಂದರೆ, ರಜಾಕಾಲದ ಅನೇಕ ತರಬೇತಿ ಶಿಬಿರಗಳು ಮಕ್ಕಳು ನಿಧಾನವಾಗಿ ಎದ್ದು ತಿಂಡಿ ತಿಂದು ಬರಲೆಂಬ ದಾಕ್ಷಿಣ್ಯದಿಂದ ಸರಿಯಾಗಿ ಇದೇ ಹೊತ್ತಿಗೆ ಆರಂಭವಾಗುತ್ತವೆ.

ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಿದಂತೆ ಆ ತೆರವನ್ನು ತುಂಬಲು ಸಮುದ್ರದ ಗಾಳಿ ಒಳನುಗ್ಗುತ್ತದೆ. ಹತ್ತು ಹನ್ನೊಂದು ಗಂಟೆಗೆ ಮೊದಲಾಗಿ ಮಧ್ಯಾಹ್ನದ ನಂತರ ಬಲವಾಗಿ, ಸೂರ್ಯ ಇಳಿದಂತೆ ಅದೂ ಇಳಿಯುತ್ತದೆ. ಸಂಜೆ ಐದರಿಂದ ಆರೂವರೆಯವರೆಗೆ ಬಿಸಿಲು ಓರೆಯಾಗಿದ್ದು ಗಾಳಿ ಇನ್ನೂ ಉಳಿದಿರುತ್ತದೆ. ಇದು ದಿನದ ಎರಡನೆಯ ಒಳ್ಳೆಯ ಹೊತ್ತು. ಪಣಂಬೂರು, ತಣ್ಣೀರುಬಾವಿಗಳ ಮರಳಿನ ಮೇಲಾಗಲಿ, ಕದ್ರಿಯ ಎತ್ತರದಲ್ಲಾಗಲಿ, ಬಾವುಟಗುಡ್ಡೆಯ ಮೇಲಾಗಲಿ ಈ ಗಾಳಿ ಧಾರಾಳವಾಗಿ ಸಿಗುತ್ತದೆ. ಎತ್ತರದ ಕಟ್ಟಡಗಳ ನಡುವಿನ ತಗ್ಗಿನ ಅಂಗಳದಲ್ಲಿ ಸಿಗುವುದಿಲ್ಲ. ಕತ್ತಲಾದೊಡನೆ ಕಡಲ ಗಾಳಿ ಅಡಗಿ, ನೆಲದ ಗಾಳಿ ಹುಟ್ಟುವ ತನಕ ಮತ್ತೆ ಒಂದೆರಡು ಗಂಟೆ ಉಸಿರುಗಟ್ಟುವ ಸ್ತಬ್ಧತೆ. ಏಳರಿಂದ ಒಂಬತ್ತರವರೆಗೆ ಬಾಗಿಲು ಕಿಟಕಿ ಮುಚ್ಚಿದ ಸಭಾಂಗಣದಲ್ಲಿ ಹುಡುಗರನ್ನು ಬ್ಯಾಡ್ಮಿಂಟನ್ ಆಡಲು ಬಿಡುವವರು ಬಿಸಿಲಿಲ್ಲವೆಂಬ ಒಂದೇ ಸಮಾಧಾನದಿಂದ ಮೋಸಹೋಗಬಾರದು.

ತುಳುನಾಡಿನ ಹಿಂದಿನವರು ತೇವಬುಗ್ಗೆಯನ್ನು ಕಂಡವರಲ್ಲ. ಆದರೂ ಇಲ್ಲಿಯ ಬೇಸಗೆಯ ದಿನಚರಿಯನ್ನು ಪರಿಶೀಲಿಸಿದರೆ ಕುತೂಹಲವಾಗುತ್ತದೆ. ಯಕ್ಷಗಾನದ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಎಂದರೆ ಮೇ ತಿಂಗಳ 24ರ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ಬೇಸಗೆಯ ಪೂರ್ಣಭಾಗ ಈ ಅವಧಿಯೊಳಗೇ ಬರುತ್ತದೆ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಪದರ ಪದರದ ಬಟ್ಟೆಗಳನ್ನು ಹೊತ್ತು ಧೀಂಗಣ ತಿರುಗುವುದು ಯಾವ ಓಟಕ್ಕೂ ಕಡಿಮೆಯ ಶ್ರಮವಲ್ಲ. ಆದರೆ ಆ ಶ್ರಮ ನಡೆಯುವುದು ರಾತ್ರಿಯ ತಂಪಿನಲ್ಲಿ, ತೆರೆದ ಬಯಲಿನಲ್ಲಿ. ಭೂತಕೋಲ ನೇಮಗಳೂ ಹೆಚ್ಚಾಗಿ ಹಾಗೆಯೇ. ಬೇಸಾಯದ ಬಿಡುವು, ಭಕ್ತಿ, ಜನ ಸೇರುವ ಅನುಕೂಲ ಮೊದಲಾದ ಕಾರಣಗಳಿಂದ ರಾತ್ರಿಯ ಕಟ್ಟಳೆ ಬೆಳೆದಿರಬೇಕು. ದೇಹಕ್ಕೆ ಹಿತವಾದುದು ಅದರ ಜೊತೆಗೆ ಬಂದ ಲಾಭ. ಇಂದು ಅನೇಕ ಮೇಳಗಳು ಕಾಲಮಿತಿಯ ಪ್ರಯೋಗಗಳಿಗೆ ಹೊರಳಿವೆಯಾದರೂ ಆಟ ನಡೆಯುವುದು ಹೊತ್ತು ಮುಳುಗಿದ ಮೇಲೆಯೇ. ಊರೂರಿನಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟದ ಪಂದ್ಯಾಟಗಳು ಇದೇ ಹಾದಿಯಲ್ಲಿ ನಡೆದುಬಂದಿವೆ. ಅಂತಿಮ ಪಂದ್ಯ ಮುಗಿಯುವಾಗ ನಸುಕು ಹರಿಯುವುದು ಮಾತ್ರ ಶಾಲಾಬಾಲಕರಿಗೆ ಒಳ್ಳೆಯದಲ್ಲ. ನಿದ್ರೆಗೆಟ್ಟ ದೇಹ ಮರುದಿನದ ಸೆಕೆಯನ್ನು ತಾಳಿಕೊಳ್ಳುವುದು ಕಷ್ಟ.

ಬಯಲುಸೀಮೆಯ ಗರಡಿಮನೆಯ ಪೈಲ್ವಾನರೂ ಕೋಳಿ ಕೂಗುವ ಮುನ್ನ ಸಾಮು ಮುಗಿಸುವವರೇ. ‘ಗರಡಿ’ ಎಂಬ ಶಬ್ದ ಘಟ್ಟದ ಮೇಲೆ ಕುಸ್ತಿಯ ಮನೆಯಾಗಿಯೂ ಘಟ್ಟದ ಕೆಳಗೆ ಕೋಟಿ ಚೆನ್ನಯರ ಆರಾಧನೆಯ ಸ್ಥಾನವಾಗಿಯೂ ಉಳಿದುಕೊಂಡಿರುವುದು ಯೋಚನೆಗೆ ಯೋಗ್ಯವಾದ ವಿಷಯ. ಮಂಗಳೂರಿನ ಕಂಕನಾಡಿ ಗರಡಿಯ ಹೆಸರನ್ನು ಕೇಳದವರು ಇಲ್ಲಿ ಇಲ್ಲ. ವೀರರ ಸ್ಮರಣೆಯೂ ಅಂಗಸಾಧನೆಯೂ ಒಂದೇ ಶಬ್ದದಲ್ಲಿ ಸೇರಿರುವುದು ಆಕಸ್ಮಿಕವಲ್ಲ. ಶರಣರ ‘ಕಾಯಕ’ದೊಳಗೂ ಕಾಯವಿದೆ, ದೇಹಶ್ರಮವನ್ನು ಕೀಳೆಂದು ಎಣಿಸದೆ ಪೂಜೆಯ ಸಮಕ್ಕೆ ನಿಲ್ಲಿಸಿದ ಪರಂಪರೆಯದು. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ನಸುಕಿನಲ್ಲಿ ಎದ್ದು ಮಿಂದು ಪ್ರಾರ್ಥನೆಗೆ ನಿಲ್ಲುವ ಶಿಸ್ತು ಈ ಪರಂಪರೆಯ ಫಲ. 111 ವರ್ಷಗಳ ತುಂಬುಬಾಳನ್ನು ಬಾಳಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ದಿನ ಬೆಳಕು ಹರಿಯುವುದಕ್ಕೆ ಬಹಳ ಮೊದಲೇ ಆರಂಭವಾಗುತ್ತಿತ್ತೆಂಬುದು ಎಲ್ಲರಿಗೂ ತಿಳಿದಿದೆ. ಕರಾವಳಿಯ ಬೇಸಗೆಗೆ ಅತ್ಯಂತ ಯುಕ್ತವಾದ ವೇಳಾಪಟ್ಟಿ ಮಠದ ಶಾಲೆಯಲ್ಲಿ ಸಿದ್ಧವಾಗಿಯೇ ಇದೆ. ತೊಂದರೆಯೆಂದರೆ, ಬೇಸಗೆ ಬರುವ ಹೊತ್ತಿಗೆ ಸರಿಯಾಗಿ ಶಾಲೆಗೆ ರಜೆ ಬರುತ್ತದೆ.

ಈ ಎರಡು ತಿಂಗಳ ರಜೆಯಲ್ಲಿ ಏನು ನಡೆಯುತ್ತದೆಂಬುದನ್ನು ಉಪಾಧ್ಯಾಯರೂ ತಂದೆತಾಯಂದಿರೂ ಬಲ್ಲರು. ಮೊದಲ ವಾರ ಉತ್ಸಾಹ. ಎರಡನೆಯ ವಾರದಿಂದ ಏಳುವ ಹೊತ್ತು ತಡವಾಗುತ್ತದೆ. ಬಳಿಕ ಫ್ಯಾನಿನ ಕೆಳಗೆ, ಕೈಯಲ್ಲಿ ಮೊಬೈಲ್ ಹಿಡಿದು ಹಗಲೆಲ್ಲ ಕಳೆಯುತ್ತದೆ. ಮಾರ್ಚಿಯವರೆಗೆ ಓಡಾಡಿ ಗಳಿಸಿದ ದಮ್ಮು ಎರಡು ಮೂರು ವಾರಗಳ ಜಡತ್ವದಿಂದಲೇ ಕುಗ್ಗತೊಡಗುತ್ತದೆ. ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು ಬರುತ್ತದೆ, ಮೈದಾನ ಕೆಸರಾಗುತ್ತದೆ. ಹೀಗೆ ಎರಡು ತಿಂಗಳ ನಿಷ್ಕ್ರಿಯತೆ ನಾಲ್ಕೈದು ತಿಂಗಳಿಗೆ ಬೆಳೆಯುತ್ತದೆ. ಮಕ್ಕಳಿಗೂ ಹದಿಹರೆಯದವರಿಗೂ ದಿನಕ್ಕೆ ಸರಾಸರಿ ಒಂದು ಗಂಟೆ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ದೇಹಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ರಜೆಯ ಮಗುವಿಗೆ ಆ ಒಂದು ಗಂಟೆಯನ್ನು ಯಾರು ಒದಗಿಸಬೇಕು?

ಹುರುಪು ಎಂಬುದು ಉಪದೇಶದಿಂದ ಹುಟ್ಟುವುದಿಲ್ಲ, ಜೊತೆಗಾರರಿಂದ ಹುಟ್ಟುತ್ತದೆ. ಬಾರಕೂರಿನಲ್ಲಿ ಹುಟ್ಟಿ ‘ತಿರುಕ’ ಎಂಬ ಹೆಸರಿನಿಂದ ಬರೆದ ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಕರಾವಳಿಯ ಈ ಸಾಧಕರು ಊರಿಂದೂರಿಗೆ ವ್ಯಾಯಾಮ ಶಿಬಿರಗಳನ್ನು ನಡೆಸುತ್ತ ಹೋಗಿ, 1940ರ ದಶಕದಲ್ಲಿ ಚಿತ್ರದುರ್ಗ ಜಿಲ್ಲೆಯ ಆ ಹಳ್ಳಿಯಲ್ಲಿ ನೆಲೆನಿಂತು ಅನಾಥಸೇವಾಶ್ರಮವನ್ನು ಕಟ್ಟಿದರು. 1996ರಲ್ಲಿ ದೇಹ ಬಿಡುವವರೆಗೂ ಯೋಗ, ವ್ಯಾಯಾಮಗಳನ್ನು ಕಲಿಸುತ್ತಲೇ ಇದ್ದರು. ಅವರ ಪದ್ಧತಿಗೆ ದುಬಾರಿ ಸಲಕರಣೆಗಳು ಬೇಕಿರಲಿಲ್ಲ. ಬೇಕಾದುದು ಒಂದು ಬಯಲು, ಒಂದು ಗೊತ್ತಾದ ಹೊತ್ತು, ಸಾಲಾಗಿ ನಿಂತ ಹತ್ತಾರು ಮಂದಿ, ಎದುರಿಗೆ ತಾನೇ ಮಾಡಿ ತೋರಿಸುವ ಗುರು. ಇಂದಿನ ಶಾಲೆಗಳು ರಜೆಯ ಶಿಬಿರಕ್ಕೆಂದು ಹಣ ಹೊಂದಿಸುವ ಮೊದಲು ಈ ನಾಲ್ಕನ್ನು ಹೊಂದಿಸಿಕೊಂಡರೆ ಸಾಕು. ಒಂದೇ ಕೇರಿಯ ಐದಾರು ಮಕ್ಕಳು ಬೆಳಗಿನ ಆರು ಗಂಟೆಗೆ ಒಬ್ಬರ ಮನೆಯ ಬಾಗಿಲಲ್ಲಿ ಒಬ್ಬರು ನಿಂತು ಕೂಗುವ ಏರ್ಪಾಡಾದರೆ ಅರ್ಧ ಕೆಲಸ ಮುಗಿಯಿತು. ಲಗೋರಿ, ಖೋ-ಖೋ, ಚಿಣ್ಣಿದಾಂಡುಗಳು ಓಟದ ಅಭ್ಯಾಸಕ್ಕೆ ಏನೂ ಕಡಿಮೆಯಲ್ಲ. ಅವುಗಳಲ್ಲಿ ಓಟದ ನಡುನಡುವೆ ನಿಲುಗಡೆಯಿರುವುದರಿಂದ ಸೆಕೆಗಾಲಕ್ಕೆ ಅವು ಹೆಚ್ಚು ಹೊಂದುತ್ತವೆ.

ಆರಂಭದ ದಿನಗಳಲ್ಲಿ ಮಾತ್ರ ಅವಸರ ಸಲ್ಲದು. ಸೆಕೆಗೆ ದೇಹ ಒಗ್ಗಿಕೊಳ್ಳುವುದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ನಾಲ್ಕೈದು ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಎದೆಬಡಿತದ ವೇಗ ತಗ್ಗುತ್ತದೆ. ಅನಂತರ ಬೆವರು ಬೇಗನೆ ಹುಟ್ಟಲೂ ಹೆಚ್ಚಾಗಿ ಸುರಿಯಲೂ ಅದರೊಳಗಿನ ಉಪ್ಪು ಕಡಿಮೆಯಾಗಲೂ ತೊಡಗುತ್ತದೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರನ್ನು ಮೊದಲು ದಿನದಿಂದ ದಿನಕ್ಕೆ ಹೆಚ್ಚುವ ದುಡಿಮೆಯಿಂದ ಬಿಸಿಗೆ ಒಗ್ಗಿಸಿ, ಬಳಿಕವೇ ಪೂರ್ಣ ಕೆಲಸಕ್ಕೆ ಹಚ್ಚುವ ಕ್ರಮ ಬೆಳೆದುದು ಈ ಕಾರಣದಿಂದಲೇ. ಮೊದಲ ದಿನ ಇಪ್ಪತ್ತು ನಿಮಿಷದ ನಡಿಗೆ ಅಥವಾ ಲಘುವಾದ ಆಟ, ಬಳಿಕ ದಿನಕ್ಕೆ ನಾಲ್ಕೈದು ನಿಮಿಷ ಹೆಚ್ಚಿಸುತ್ತ ಎರಡನೆಯ ವಾರದ ಕೊನೆಗೆ ಒಂದು ಗಂಟೆ ಎಂಬ ಲೆಕ್ಕ ಬಹುಮಂದಿಗೆ ಸರಿಹೋಗುತ್ತದೆ. ಒಂದು ತಿಂಗಳು ಬಿಟ್ಟರೆ ಒಗ್ಗಿದ್ದೂ ಕಳೆದುಹೋಗುತ್ತದೆ. ಮತ್ತೆ ಮೊದಲಿನಿಂದ ಆರಂಭಿಸಬೇಕು. ಘಟ್ಟದ ಮೇಲಿನ ಊರಿಗೆ ಹೋಗಿ ರಜೆ ಕಳೆದು ಬಂದ ಹುಡುಗನಿಗೂ ಇದೇ ನಿಯಮ.

ಕುಡಿಯುವ ವಿಷಯದಲ್ಲಿ ಕರಾವಳಿಯ ಮನೆಗಳು ಹೊರಗಿನವರಿಂದ ಕಲಿಯಬೇಕಾದುದು ಹೆಚ್ಚಿಲ್ಲ. ಬೇಸಗೆಯಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಪದ್ಧತಿ, ಉಪ್ಪಿನಕಾಯಿಯೊಡನೆ ಕುಚ್ಚಲಕ್ಕಿಯ ಗಂಜಿ, ಪುನರ್ಪುಳಿಯ ಶರಬತ್ತು, ಉಪ್ಪು ಶುಂಠಿ ಹಾಕಿದ ನೀರುಮಜ್ಜಿಗೆ ಇವುಗಳ ಹಿಂದಿನ ವಿವೇಕ ಆಧುನಿಕ ವೈದ್ಯದಿಂದ ಸಮರ್ಥನೆಗೊಂಡಿದೆ. ಸಣ್ಣಕರುಳಿನಲ್ಲಿ ಸಕ್ಕರೆಯ ಅಂಶ ಉಪ್ಪಿನ ಅಂಶವನ್ನು ತನ್ನ ಜೊತೆಗೇ ಒಳಗೆ ಸೆಳೆದುಕೊಳ್ಳುತ್ತದೆ. ಅವೆರಡನ್ನೂ ನೀರು ಹಿಂಬಾಲಿಸುತ್ತದೆ. ಈ ತತ್ತ್ವದ ಆಧಾರದ ಮೇಲೆ 1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಬಂಗಾಳದ ವೈದ್ಯ ದಿಲೀಪ್ ಮಹಲನಬೀಸ್ ಅವರು ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಕಾಲರಾ ರೋಗಿಗಳಿಗೆ ಕುಡಿಸಿ, ಶೇಕಡ 30ರಷ್ಟಿದ್ದ ಸಾವನ್ನು ಶೇಕಡ 4ಕ್ಕಿಂತಲೂ ಕೆಳಗೆ ಇಳಿಸಿದರು. ಗಂಜಿಯ ಪಿಷ್ಟ ಕರುಳಿನಲ್ಲಿ ಸಕ್ಕರೆಯಾಗಿ ಒಡೆಯುವುದರಿಂದ ಉಪ್ಪು ಹಾಕಿದ ಗಂಜಿತಿಳಿಯೂ ಅದೇ ಕೆಲಸವನ್ನು ಮಾಡುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಅಳತೆ ಮನೆಯಲ್ಲಿ ಸಾಧ್ಯವಾದುದು. ಉಪ್ಪು ಹೆಚ್ಚಾಗದಂತೆ ನೋಡಿಕೊಳ್ಳಬೇಕು.

ಎಳನೀರಿನ ಬಗ್ಗೆ ಒಂದು ಮಾತು. ಬೊಂಡ ಒಳ್ಳೆಯದೇ, ಸಂದೇಹವಿಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದು ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಎರಡು ಗಂಟೆ ಫುಟ್ಬಾಲ್ ಆಡಿದವನಿಗೆ ಬೊಂಡದ ಜೊತೆಗೆ ಊಟದಲ್ಲಿ ಸ್ವಲ್ಪ ಉಪ್ಪಿನಕಾಯಿಯೂ ಬೇಕು. ಬರಿಯ ನೀರನ್ನೇ ಅತಿಯಾಗಿ ಸುರಿದುಕೊಳ್ಳುವುದರಿಂದಲೂ ರಕ್ತದ ಉಪ್ಪು ತೆಳುವಾಗಿ ಅಪಾಯವಾಗುವುದುಂಟು. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆಯೆಂದೂ ಕಡುಬಣ್ಣವಾಗಿದ್ದರೆ ಸಾಲದೆಂದೂ ತಿಳಿಯುವುದು ಸುಲಭವಾದ ಪರೀಕ್ಷೆ. ಆಟದ ಭರದಲ್ಲಿ ಮಕ್ಕಳು ಬಾಯಾರಿಕೆಯನ್ನು ಮರೆತುಬಿಡುತ್ತಾರೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ ಆರಂಭವಾಯಿತು; ಮೈದಾನದಲ್ಲಿಯೂ ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರನ್ನೂ ಕೊಡದ ಬಳಿಗೆ ಕರೆಯಬಹುದು.

ಬೆವರಿದಷ್ಟೂ ಕೊಬ್ಬು ಕರಗುತ್ತದೆಂಬ ಭ್ರಮೆ ಇನ್ನೂ ಹೋಗಿಲ್ಲ. ಇದರಿಂದಾಗಿ ಪ್ಲಾಸ್ಟಿಕ್ ಅಥವಾ ರಬ್ಬರಿನ ಉಡುಪು ತೊಟ್ಟು ಓಡುವವರು ಈ ಊರಿನಲ್ಲಿಯೂ ಕಾಣಸಿಗುತ್ತಾರೆ. ಕರಗುವುದು ನೀರು, ಎರಡು ಲೋಟ ಕುಡಿದೊಡನೆ ತೂಕ ಮರಳಿ ಬರುತ್ತದೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ಪ್ರಾಣ ಕಳೆದುಕೊಂಡರು. ತೆಳುವಾದ, ಸಡಿಲವಾದ, ತಿಳಿಬಣ್ಣದ ಉಡುಪೇ ಇಲ್ಲಿಗೆ ತಕ್ಕದ್ದು. ಆಟಕ್ಕೆ ಮೊದಲು ಒಂದು ತಂಬಿಗೆ ನೀರು ತಲೆಗೆ ಸುರಿದುಕೊಂಡು, ನಡುನಡುವೆ ಒದ್ದೆ ಬೈರಾಸನ್ನು ಕುತ್ತಿಗೆಗೆ ಹಾಕಿಕೊಂಡರೆ ಗಾಳಿಯಿರುವೆಡೆ ಮೈ ಬೇಗನೆ ತಣಿಯುತ್ತದೆ.

ಸೆಕೆಗಾಲದ ವ್ಯಾಯಾಮಗಳಲ್ಲಿ ಈಜು ಶ್ರೇಷ್ಠವೆಂಬುದು ಸಹಜವೇ. ನೀರು ಶಾಖವನ್ನು ಗಾಳಿಗಿಂತ ಎಷ್ಟೋ ವೇಗವಾಗಿ ಸೆಳೆದುಕೊಳ್ಳುತ್ತದೆ. ಲೇಡಿಹಿಲ್‌ನ ಮಂಗಳಾ ಈಜುಕೊಳ ಬಹುಕಾಲದಿಂದ ನಗರದ ಮಕ್ಕಳಿಗೆ ಪರಿಚಿತ. ಈಚೆಗೆ ಎಮ್ಮೆಕೆರೆಯಲ್ಲಿ ಹೊಸ ಕೊಳ ಸಿದ್ಧವಾಗಿದೆ. ಆದರೆ ನೇತ್ರಾವತಿ, ಫಲ್ಗುಣಿ ನದಿಗಳ ಮರಳು ತೆಗೆದ ಹೊಂಡಗಳೂ ಸೋಮೇಶ್ವರದ ಬಂಡೆಗಳ ಸೆಳೆತವೂ ಪ್ರತಿ ರಜೆಯಲ್ಲಿ ಒಂದಲ್ಲ ಒಂದು ಮನೆಯನ್ನು ಶೋಕಕ್ಕೆ ನೂಕುತ್ತವೆ. ಮೇ ತಿಂಗಳ ಉತ್ತರಾರ್ಧದಲ್ಲಿ ಕಡಲು ಕೆರಳತೊಡಗುತ್ತದೆ. ಮೀನುಗಾರರೇ ಜೂನ್ ಮೊದಲನೆಯ ದಿನಾಂಕದಿಂದ ಯಾಂತ್ರಿಕ ದೋಣಿಗಳನ್ನು ದಡಕ್ಕೆ ತರುವಾಗ, ಈಜು ಬಾರದ ಹುಡುಗರು ಅಲೆಗೆ ಇಳಿಯುವುದು ಸಾಹಸವಲ್ಲ.

ಉಪಾಧ್ಯಾಯರು ಕಡ್ಡಾಯವಾಗಿ ತಿಳಿದಿರಬೇಕಾದುದು ಶಾಖಾಘಾತದ ಲಕ್ಷಣಗಳನ್ನು. ಮೊದಲು ಬರುವುದು ಕಾಲಿನ ಸೆಡೆತ, ತಲೆಸುತ್ತು, ವಾಕರಿಕೆ. ಇಷ್ಟಕ್ಕೆ ಆಟ ನಿಲ್ಲಿಸಿ ನೆರಳಿನಲ್ಲಿ ಮಲಗಿಸಿ ಉಪ್ಪು ಸಕ್ಕರೆಯ ನೀರು ಕುಡಿಸಿದರೆ ಸಾಕು. ಹುಡುಗನ ಮಾತು ತೊದಲಿದರೆ, ಅಕಾರಣವಾಗಿ ಸಿಡುಕಿದರೆ, ಎತ್ತಲೋ ನಡೆದರೆ, ಪ್ರಜ್ಞೆ ತಪ್ಪಿದರೆ ಅದು ಬೇರೆಯೇ ಸ್ಥಿತಿ. ಒಳಗಿನ ಉಷ್ಣತೆ 40 ಡಿಗ್ರಿಯನ್ನು ದಾಟಿರುತ್ತದೆ. ಮೈ ಬೆವರುತ್ತಿರುವುದರಿಂದ ಶಾಖಾಘಾತವಲ್ಲವೆಂದು ತಿಳಿಯುವುದು ಘೋರವಾದ ತಪ್ಪು; ಓಡುತ್ತಿದ್ದವನು ಬೆವರು ಸುರಿಯುತ್ತಿರುವಾಗಲೇ ಬೀಳುತ್ತಾನೆ. ಆಗ 108ಕ್ಕೆ ಕರೆ ಮಾಡಬೇಕು. ಆದರೆ ವಾಹನ ಬರುವವರೆಗೆ ಕಾಯಬಾರದು. ಬಟ್ಟೆ ಸಡಿಲಿಸಿ, ತಲೆಯನ್ನು ಮೇಲೆ ಹಿಡಿದುಕೊಂಡು ನೀರಿನ ತೊಟ್ಟಿಯಲ್ಲಿ ಮೈ ಮುಳುಗಿಸಬೇಕು. ತೊಟ್ಟಿಯಿಲ್ಲದಿದ್ದರೆ ಬಾವಿಯ ನೀರನ್ನು ಕೊಡಗಟ್ಟಲೆ ಸುರಿಯುತ್ತ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ತಣ್ಣನೆಯ ಬಟ್ಟೆ ಇಡಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ತಣಿಸುವುದು ಮೊದಲು, ಸಾಗಿಸುವುದು ಅನಂತರ.

ಕದ್ರಿ ಉದ್ಯಾನದಲ್ಲಿ ನಸುಕಿನಲ್ಲಿ ನಡೆಯುವ ಹಿರಿಯ ಹಳೆ ವಿದ್ಯಾರ್ಥಿಗಳಿಗೂ ಇವೇ ನಿಯಮಗಳು ಅನ್ವಯಿಸುತ್ತವೆ. ರಕ್ತದೊತ್ತಡಕ್ಕಾಗಿ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದ್ರೋಗ ಸಕ್ಕರೆಕಾಯಿಲೆಗಳಿರುವವರು ಬೇಸಗೆಗೆ ಮುಂಚೆ ವೈದ್ಯರಲ್ಲಿ ವಿಚಾರಿಸಿಕೊಳ್ಳಬೇಕು. ಮೇಲೆ ಹೇಳಿದ ಉಪ್ಪಿನ ನೀರು ಅವರಿಗೆ ಹಾಗೆಯೇ ಹೊಂದುವುದಿಲ್ಲ.

ಕೊನೆಯದಾಗಿ ಶಾಲೆಗಳು ಒದಗಿಸಿಕೊಳ್ಳಬೇಕಾದ ಸಾಧನಗಳ ಮಾತು. ದಾನಿಗಳು ಸಾಮಾನ್ಯವಾಗಿ ಪಾರಿತೋಷಕಗಳನ್ನೂ ಬಣ್ಣದ ಸಮವಸ್ತ್ರಗಳನ್ನೂ ಕೊಡುತ್ತಾರೆ. ಅವುಗಳ ಮೇಲೆ ಹೆಸರು ಕೆತ್ತಿಸಲು ಅನುಕೂಲವೂ ಉಂಟು. ಅದಕ್ಕಿಂತ ಎಷ್ಟೋ ಕಡಿಮೆ ವೆಚ್ಚದಲ್ಲಿ ಹೆಚ್ಚು ಪ್ರಯೋಜನವಾಗುವ ಕೆಲಸಗಳಿವೆ. ವಿಜ್ಞಾನದ ಪ್ರಯೋಗಶಾಲೆಯಲ್ಲಿರುವ ಒಂದು ಉಷ್ಣಮಾಪಕದ ಬುಗ್ಗೆಗೆ ಹತ್ತಿಬಟ್ಟೆಯನ್ನು ಸುತ್ತಿ, ಅದರ ತುದಿಯನ್ನು ಸಣ್ಣ ನೀರಿನ ಶೀಶೆಯಲ್ಲಿ ಅದ್ದಿಟ್ಟು, ನೆರಳಿನಲ್ಲಿ ಗಾಳಿ ಬೀಸಿ ಓದಿದರೆ ಅದೇ ತೇವಬುಗ್ಗೆಯ ಮಾಪಕ. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಕಡಲತೀರದಲ್ಲಿರುವ ಪ್ಯಾರಿಸ್ ದ್ವೀಪದ ಸೈನಿಕ ಶಿಬಿರದಲ್ಲಿ 1950ರ ದಶಕದಲ್ಲಿ ಈ ಅಳತೆಗೆ ಬಿಸಿಲಿನ ಅಳತೆಯನ್ನೂ ಸೇರಿಸಿ ಒಂದು ಸೂಚಿಯನ್ನು ರೂಪಿಸಿದರು. ಅದಕ್ಕೆ ಅನುಗುಣವಾಗಿ ಹಸಿರು, ಹಳದಿ, ಕೆಂಪು, ಕಪ್ಪು ಬಾವುಟಗಳನ್ನು ಹಾರಿಸಿ ಕವಾಯತನ್ನು ಹೆಚ್ಚಿಸುವ, ತಗ್ಗಿಸುವ, ನಿಲ್ಲಿಸುವ ಪದ್ಧತಿ ಅಲ್ಲಿಂದ ಲೋಕಕ್ಕೆಲ್ಲ ಹರಡಿತು. ಅಲ್ಲಿಯ ಹವೆಯೂ ನಮ್ಮ ಕರಾವಳಿಯಂತೆ ತೇವದ್ದೇ. ಎಂಟನೆಯ ತರಗತಿಯ ಮಕ್ಕಳು ಸರದಿಯ ಮೇಲೆ ಬೆಳಗ್ಗೆ ಆರಕ್ಕೂ ಹತ್ತಕ್ಕೂ ಸಂಜೆ ಐದಕ್ಕೂ ಮಾಪಕವನ್ನು ಓದಿ ಬಾವುಟ ಏರಿಸಿದರೆ, ಅದೊಂದು ವಿಜ್ಞಾನದ ಪಾಠವೂ ಹೌದು. ಮೈದಾನದ ಅಂಚಿನಲ್ಲಿ ಎರಡು ನಲ್ಲಿ, ಒಬ್ಬ ಹುಡುಗ ಮಲಗುವಷ್ಟು ಉದ್ದದ ಒಂದು ಸಿಮೆಂಟಿನ ತೊಟ್ಟಿ, ಬೆಳಗಿನ ಐದೂವರೆಗೆ ಗೇಟು ತೆರೆಯುವ ಒಬ್ಬ ಕಾವಲುಗಾರನ ಎರಡು ತಿಂಗಳ ಸಂಬಳ, ಇವು ಉಳಿದ ಅಗತ್ಯಗಳು. ಹೊಂಗೆ, ಹೊನ್ನೆ, ಹಲಸಿನ ಸಸಿಗಳನ್ನು ಜೂನ್ ತಿಂಗಳ ಮೊದಲ ಮಳೆಗೆ ನೆಡಬೇಕು. ಪೂರ್ವದ ಅಂಚಿನಲ್ಲಿ ಸಾಲಾಗಿ ನೆಟ್ಟರೆ ಬೆಳಗಿನ ಬಿಸಿಲಿಗೆ ಮರೆಯಾಗುತ್ತದೆ; ಪಡುವಣದ ಕಡೆ ದಟ್ಟವಾಗಿ ನೆಟ್ಟರೆ ಕಡಲ ಗಾಳಿಗೆ ತಡೆಯಾಗುವುದರಿಂದ ಅಲ್ಲಿ ಮರದಿಂದ ಮರಕ್ಕೆ ದೂರ ಬಿಡಬೇಕು.